ಪದ ಪರಿಚಯ: ಕಪ್ಪು ಹಾಸ್ಯ

ವಯಸ್ಸಾದವರು ಮತ್ತೆ ಮದುವೆಯ ಮಾತೆತ್ತಿದರೆ ನಮ್ಮಲ್ಲಿ ಒಂದು ಗಾದೆ ಕೇಳುತ್ತದೆ: ‘ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ’. ಇಲ್ಲಿ ಕಾಡು ಅಂದರೆ ಸುಡುಗಾಡು. ಕೇಳಿದ ಕೂಡಲೇ ನಗು ಬರುತ್ತದೆ. ನಕ್ಕ ಮೇಲೆ ಎದೆಯಲ್ಲಿ ಸಣ್ಣಗೆ ಚುರ್ ಅನ್ನುತ್ತದೆ, ಅಲ್ವಾ? ಹಾಗೆ ಚುರ್ ಅನ್ನಿಸುವ ನಗುವೇ ಕಪ್ಪು ಹಾಸ್ಯ. ಈಗ ಡಾರ್ಕ್ ಕಾಮಿಡಿ ಅನ್ನುವವರೇ ಜಾಸ್ತಿ.

ಫ್ರೆಂಚ್ ಕವಿ ಆಂದ್ರೆ ಬ್ರೆತೊಂ 1940ರಲ್ಲಿ ಇಂಥ ಬರಹಗಳ ಸಂಕಲನವೊಂದನ್ನು ಮಾಡಿ, ಕಪ್ಪು ಹಾಸ್ಯ ಎಂದೇ ಕರೆದ. ಜರ್ಮನರು ಇದರ ಹತ್ತಿರದ ನಂಟನನ್ನು ಗಲ್ಲುಗಂಬದ ಹಾಸ್ಯ ಅನ್ನುತ್ತಾರೆ. ಮನೋವಿಶ್ಲೇಷಕ ಫ್ರಾಯ್ಡ್ ಕೊಡುವ ಉದಾಹರಣೆ ಇದು: ಸೋಮವಾರ ಗಲ್ಲಿಗೆ ಹೊರಟ ಕೈದಿ, ‘ಈ ವಾರ ಚೆನ್ನಾಗಿಯೇ ಶುರುವಾಯ್ತು’ ಅನ್ನುತ್ತಾನೆ. ಸಾಯುವವನೇ ನಗಿಸುತ್ತಿದ್ದಾನೆ. ಇದನ್ನು ಮರೆಯಬಾರದು. ಬೇರೆಯವರ ಸಾವನ್ನು ದೂರದಿಂದ ಆಡಿಕೊಳ್ಳುವುದು ಬರೀ ಕ್ರೌರ್ಯ.

ಮದುವೆಯ ಕತೆಗಳಲ್ಲಿ ಈ ಹಾಸ್ಯ ಎಷ್ಟು ಆಳಕ್ಕೆ ಇಳಿಯಬಹುದು ಅನ್ನುವುದಕ್ಕೆ ಅಮೆರಿಕದ ಕೇಟ್ ಶೊಪ್ಯಾಂ 1894ರಲ್ಲಿ ಬರೆದ ‘ದ ಸ್ಟೋರಿ ಆಫ್ ಆ್ಯನ್ ಅವರ್’ ನೋಡಿ. ಒಂದು ಗಂಟೆಯಲ್ಲಿ ನಡೆದು ಮುಗಿಯುವ ಪುಟ್ಟ ಕತೆ. ಲೂಯಿಸ್‌ಗೆ ಹೃದಯದ ತೊಂದರೆ. ಗಂಡ ರೈಲು ಅಪಘಾತದಲ್ಲಿ ಸತ್ತ ಸುದ್ದಿಯನ್ನು ಸೋದರಿ ಮೆಲ್ಲಗೆ, ಒಡೆದೂ ಒಡೆಯದ ಮಾತಲ್ಲಿ ಹೇಳುತ್ತಾಳೆ. ಲೂಯಿಸ್ ಬಿಕ್ಕಿ ಬಿಕ್ಕಿ ಅಳುತ್ತಾಳೆ. ಆ ಅಳು ಸುಳ್ಳಲ್ಲ. ಆಮೇಲೆ ಕೋಣೆಗೆ ಹೋಗಿ ಒಬ್ಬಳೇ ಕೂರುತ್ತಾಳೆ. ಕಿಟಕಿಯಾಚೆ ವಸಂತ, ಚಿಗುರಿದ ಮರ, ಗುಬ್ಬಚ್ಚಿ. ಇನ್ನು ನಾನು ನನ್ನವಳು ಅನ್ನುವುದು ಅವಳಿಗೆ ಆಗ ಹೊಳೆಯುತ್ತದೆ. ಅವನು ಕೆಟ್ಟವನೇನಲ್ಲ, ಪ್ರೀತಿಯಿಂದಲೇ ನೋಡಿಕೊಂಡವನು. ಅವಳೂ ಆಗಾಗ ಅವನನ್ನು ಪ್ರೀತಿಸಿದ್ದಳು. ಆದರೂ ನಿನ್ನೆಯವರೆಗೆ ಆಯಸ್ಸು ಉದ್ದವಾದರೆ ಹೇಗಪ್ಪಾ ಎಂದು ನಡುಗುತ್ತಿದ್ದವಳು, ಇವತ್ತು ಉದ್ದ ಆಯಸ್ಸು ಕೊಡು ಎಂದು ಬೇಡಿಕೊಳ್ಳುತ್ತಾಳೆ.

ಅವಳು ಮೆಟ್ಟಿಲಿಳಿದು ಬರುವಾಗ ಬಾಗಿಲು ತೆರೆಯುತ್ತದೆ. ಗಂಡ ಕೊಡೆ ಹಿಡಿದು ಒಳಗೆ ಬರುತ್ತಾನೆ. ಅಪಘಾತ ನಡೆದ ಜಾಗದ ಹತ್ತಿರಕ್ಕೂ ಅವನು ಹೋಗಿರಲಿಲ್ಲ. ಲೂಯಿಸ್ ಅಲ್ಲೇ ಸಾಯುತ್ತಾಳೆ. ಸಂತೋಷ ತಾಳಲಾರದೆ ಹೃದಯ ನಿಂತಿತು ಅನ್ನುತ್ತಾರೆ ಡಾಕ್ಟರುಗಳು.

ಆ ಕೋಣೆಯಲ್ಲಿ ಏನಾಯಿತು ಎಂದು ಗೊತ್ತಿರುವುದು ಓದುಗರಿಗೆ ಮಾತ್ರ. ಡಾಕ್ಟರುಗಳ ಮಾತಿಗೆ ನಗು ಬರುತ್ತದೆ, ಗಂಟಲೂ ಕಟ್ಟುತ್ತದೆ. ಲೇಖಕಿ ಯಾರನ್ನೂ ಬೈದಿಲ್ಲ, ಸುಮ್ನೆ ಹೇಳಿ ನಿಲ್ಲಿಸಿದ್ದಾರೆ. ವಿಡಂಬನೆಗೂ ಕಪ್ಪು ಹಾಸ್ಯಕ್ಕೂ ನಾನು ಕಾಣುವ ವ್ಯತ್ಯಾಸ ಇದೇ. ವಿಡಂಬನೆಗೆ ತಪ್ಪಿತಸ್ಥರು ಬೇಕು. ಇಲ್ಲಿ ಗಂಡನೂ ಅಲ್ಲ, ಹೆಂಡತಿಯೂ ಅಲ್ಲ. ಶೊಪ್ಯಾಂ ಅವರ ತಂದೆ ತೀರಿಕೊಂಡದ್ದೂ 1855ರ ಒಂದು ರೈಲು ದುರಂತದಲ್ಲಿ. 1882ರಲ್ಲಿ ಗಂಡನೂ ಹೋದರು. ಸಾವಿನ ಮನೆ ಹೇಗಿರುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ನಮ್ಮ ಹೆಂಗಸರಿಗೂ ಇದು ಗೊತ್ತಿತ್ತು. ‘ಅತ್ತೆ ಸತ್ತು ಆರು ತಿಂಗಳಿಗೆ ಸೊಸೆ ಕಣ್ಣಲ್ಲಿ ನೀರು ಬಂತು’ ಅನ್ನುವ ಗಾದೆಯನ್ನು ಎಲ್ಲರೂ ಸೊಸೆಯ ಮೇಲಿನ ಕುಹಕ ಅಂದುಕೊಳ್ಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಸತ್ತ ದಿನ ಬಾರದ ಕಣ್ಣೀರು ಆರು ತಿಂಗಳ ಮೇಲೆ ಯಾಕೆ ಬಂತು? ಒಲೆ ಮುಂದೆ ಒಬ್ಬಳೇ ಇದ್ದಾಗ ಬಂದಿರಬೇಕು, ಯಾರೂ ನೋಡದ ಹೊತ್ತಿನಲ್ಲಿ.