ಸ್ಕೇಲಿನಲ್ಲಿ ಅಳೆದ ಏಳು ಎಣಿಕೆ

ಹಳೆಯ ರಾಕ್ ಆಲ್ಬಮ್‌ಗಳು ಹೇಗೆ ತಯಾರಾದವು ಅಂತ ತೋರಿಸುವ ಸಾಕ್ಷ್ಯಚಿತ್ರಗಳಲ್ಲಿ ನಾನು ಕಾಯುವುದು ಒಂದೇ ಗಳಿಗೆಗೆ. ತಲೆ ನರೆತ ಸೌಂಡ್ ಇಂಜಿನಿಯರ್ ಮಿಕ್ಸರ್ ಮುಂದೆ ಕೂತಿರುತ್ತಾರೆ. ಹಾಡು ಓಡುತ್ತಿರುತ್ತದೆ. ಅವರು ಒಂದೊಂದೇ ಫೇಡರ್ (ಸದ್ದು ಏರಿಸಿ ಇಳಿಸುವ ಜಾರುಗುಂಡಿ) ಕೆಳಗೆ ಎಳೆಯುತ್ತಾರೆ. ಡ್ರಮ್ ಹೋಯಿತು, ಗಿಟಾರ್ ಹೋಯಿತು, ಕೀಬೋರ್ಡ್ ಹೋಯಿತು. ಒಂದು ದನಿ ಮಾತ್ರ ಉಳಿಯಿತು. ಹಾಡುವವರು ಉಸಿರೆಳೆದುಕೊಂಡದ್ದೂ ಈಗ ಕೇಳಿಸುತ್ತದೆ.

'ಆಗಿನ ಕಾಲದಲ್ಲಿ ಎಲ್ಲ ಒರಿಜಿನಲ್ ಕಣ್ರೀ, ಒಟ್ಟಿಗೆ ನಿಂತು ಹಾಡಿ ಮುಗಿಸ್ತಿದ್ರು, ಕತ್ತರಿಸಿ ಅಂಟಿಸೋದೆಲ್ಲ ಕಂಪ್ಯೂಟರ್ ಬಂದ ಮೇಲೆ' ಅನ್ನುವ ಮಾತು ಎಷ್ಟು ಸಲ ಕೇಳಿದ್ದೇನೋ. 1970ರ ದಶಕದ ರಾಕ್ ಸಂಗೀತದ ಮಟ್ಟಿಗೆ ಇದು ಶುದ್ಧ ತಪ್ಪು. ಆಗಲೂ ಟೇಪನ್ನು ಕತ್ತರಿಸುತ್ತಿದ್ದರು. ಬ್ಲೇಡ್ ಹಿಡಿದು, ಕೈಯಾರೆ.

ಪಿಂಕ್ ಫ್ಲಾಯ್ಡ್ ತಂಡದ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಆಲ್ಬಮ್ 1973ರ ಮಾರ್ಚ್‌ನಲ್ಲಿ ಬಂತು. ಲಂಡನ್ನಿನ ಅಬ್ಬೀ ರೋಡ್ ಸ್ಟುಡಿಯೋದಲ್ಲಿ 16 ಟ್ರ್ಯಾಕ್‌ಗಳ, ಅಂದರೆ ಅಕ್ಕಪಕ್ಕ 16 ಸಾಲುಗಳಿರುವ ಟೇಪಿನಲ್ಲಿ ಅದನ್ನು ಕಟ್ಟಿದರು. ಇಂಜಿನಿಯರ್ ಅಲನ್ ಪಾರ್ಸನ್ಸ್. ಅದರ ತಯಾರಿಯ ಸಾಕ್ಷ್ಯಚಿತ್ರ 2003ರದು. ನಾಲ್ಕೂ ಜನ ಕಲಾವಿದರು ಅದರಲ್ಲಿ ಮಾತಾಡಿದ್ದಾರೆ.

ಆ ಆಲ್ಬಮ್‌ನ 'ಮನಿ' ಹಾಡು ಶುರುವಾಗುವುದೇ ದುಡ್ಡಿನ ಸದ್ದಿನಿಂದ. ನಾಣ್ಯ ಬೀಳುತ್ತದೆ, ಕಾಗದ ಹರಿಯುತ್ತದೆ, ಕ್ಯಾಶ್ ರಿಜಿಸ್ಟರ್ ಟಿಂಗ್ ಅನ್ನುತ್ತದೆ. ಒಟ್ಟು ಏಳು ಸದ್ದು, ಏಳು ಎಣಿಕೆಯ ತಾಳ. ಕರ್ನಾಟಕ ಸಂಗೀತದ ಮಿಶ್ರ ಛಾಪು ತಾಳ ಗೊತ್ತಿದ್ದವರಿಗೆ ಏಳರ ಲೆಕ್ಕ ಹೊಸದಲ್ಲ, ಆದರೆ ರಾಕ್‌ನಲ್ಲಿ ಅಪರೂಪ. ಗಿಟಾರ್ ಸೋಲೋ ಬರುವಾಗ ಹಾಡು ನಾಲ್ಕರ ಎಣಿಕೆಗೆ ಹೊರಳುತ್ತದೆ, ಗಮನಿಸಿ. ಆ ಸದ್ದುಗಳ ಟೇಪನ್ನು ಸ್ಕೇಲಿನಲ್ಲಿ ಅಳೆದು, ಒಂದೇ ಉದ್ದಕ್ಕೆ ಕತ್ತರಿಸಿ, ತುದಿಗೆ ತುದಿ ಅಂಟಿಸಿ ಬಳೆಯ ಹಾಗೆ ಮಾಡಿದರು. ಅದು ಸುತ್ತುತ್ತಾ ಇದ್ದಷ್ಟು ಹೊತ್ತೂ ತಾಳ ಬರುತ್ತಿತ್ತು.

ತಾಳವನ್ನು ಸ್ಕೇಲಿನಲ್ಲಿ ಅಳೆಯುವುದು! ನನಗೆ ಖುಷಿ ಕೊಡುವುದು ಇದೇ. ಟೇಪು ಕಾಲವನ್ನು ಉದ್ದವಾಗಿ ಬದಲಾಯಿಸುತ್ತದೆ. ಸ್ಟುಡಿಯೋ ಟೇಪು ಸಾಮಾನ್ಯವಾಗಿ ಸೆಕೆಂಡಿಗೆ 38 ಸೆಂ.ಮೀ. ಓಡುತ್ತದೆ. ನಿಮಿಷಕ್ಕೆ 120 ಎಣಿಕೆಯ ಹಾಡು ಅಂದುಕೊಳ್ಳಿ. ಒಂದು ಎಣಿಕೆಗೆ ಅರ್ಧ ಸೆಕೆಂಡು, ಅಂದರೆ 19 ಸೆಂ.ಮೀ. ಟೇಪು. ಏಳು ಎಣಿಕೆಗೆ 133 ಸೆಂ.ಮೀ. ಅಂಗಡಿಯಲ್ಲಿ ರವಿಕೆ ಕಣ ಅಳೆದು ಕೊಟ್ಟ ಹಾಗೆ ಒಂದು ಆವರ್ತವನ್ನು ಅಳೆದು ಕೊಡಬಹುದು.

ಈ ಟೇಪಿನ ಹುಟ್ಟೂ ಸೊಗಸಾಗಿದೆ. ಜರ್ಮನಿಯ ಫ್ರಿಟ್ಸ್ ಫ್ಲಾಯ್ಮರ್ ಸಿಗರೇಟಿನ ಕಾಗದಕ್ಕೆ ಲೋಹದ ಪಟ್ಟಿ ಅಂಟಿಸುವ ಕೆಲಸದಲ್ಲಿ ಪಳಗಿದ್ದವರು. ಅದೇ ಜಾಣ್ಮೆಯಿಂದ 1928ರಲ್ಲಿ ಕಾಗದದ ಪಟ್ಟಿಗೆ ಕಬ್ಬಿಣದ ಪುಡಿ ಅಂಟಿಸಿ ಸದ್ದು ಹಿಡಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಜ್ಯಾಕ್ ಮಲ್ಲಿನ್ ಎಂಬ ಅಮೆರಿಕದ ಸೈನಿಕ ಜರ್ಮನಿಯ ಎರಡು ಟೇಪ್ ಯಂತ್ರಗಳನ್ನು ಊರಿಗೆ ಸಾಗಿಸಿದರು. ಅಂಥ ಯಂತ್ರಗಳನ್ನು ಅಲ್ಲೇ ತಯಾರಿಸಲು ಗಾಯಕ ಬಿಂಗ್ ಕ್ರಾಸ್ಬಿ ದುಡ್ಡು ಹಾಕಿದರು. ಅವರು ಗಿಟಾರ್ ವಾದಕ ಲೆಸ್ ಪಾಲ್‌ಗೂ ಒಂದು ಯಂತ್ರ ಕೊಟ್ಟರು. ಲೆಸ್ ಪಾಲ್ ತಾವೇ ನುಡಿಸಿದ್ದರ ಮೇಲೆ ಮತ್ತೆ ಮತ್ತೆ ತಾವೇ ನುಡಿಸಿ ಸೇರಿಸುವ ಹುಚ್ಚಿನವರು.

ಇಲ್ಲೊಂದು ತೊಡಕಿತ್ತು. ಯಂತ್ರದಲ್ಲಿ ಟೇಪು ಮೊದಲು ಬರೆಯುವ ಹೆಡ್ (ಟೇಪಿಗೆ ತಾಗಿಕೊಂಡು ಸದ್ದು ಅಚ್ಚೊತ್ತುವ ಪುಟ್ಟ ಭಾಗ) ದಾಟಿ, ಆಮೇಲೆ ಓದುವ ಹೆಡ್‌ಗೆ ಬರುತ್ತದೆ. ನಡುವೆ 4 ಸೆಂ.ಮೀ. ಇದೆ ಅನ್ನಿ. ಡ್ರಮ್ ಆಗಲೇ ಟೇಪಿನಲ್ಲಿದೆ, ನೀವು ಅದನ್ನು ಓದುವ ಹೆಡ್‌ನಿಂದ ಕೇಳುತ್ತಾ ಹಾಡುತ್ತೀರಿ. ನಿಮ್ಮ ದನಿ ಬೀಳುವುದು 4 ಸೆಂ.ಮೀ. ಹಿಂದೆ, ಬರೆಯುವ ಹೆಡ್‌ನಲ್ಲಿ. ಆಮೇಲೆ ಕೇಳಿದರೆ ಸೆಕೆಂಡಿನ ಹತ್ತರಲ್ಲಿ ಒಂದು ಭಾಗ ತಡ. ಆ ಹೊತ್ತಿಗೆ ತಾಳ ತಪ್ಪಿಹೋಗಿರುತ್ತದೆ.

ಕಾಲುವೆಯ ಎರಡು ಸೇತುವೆ ನೆನೆಸಿಕೊಳ್ಳಿ. ನೀರಿನಲ್ಲಿ ಎಲೆಗಳು ತೇಲಿ ಬರುತ್ತಿವೆ. ಮೇಲಿನ ಸೇತುವೆಯಲ್ಲಿ ನೀವು, ಕೆಳಗಿನ ಸೇತುವೆಯಲ್ಲಿ ನಿಮ್ಮ ಗೆಳೆಯ. ಅವನು 'ಎಲೆ ಬಂತು' ಅಂತ ಕೂಗಿದಾಗ ನೀವು ಹೂವು ಬಿಡಬೇಕು, ಅದು ಎಲೆಯ ಮೇಲೇ ಬೀಳಬೇಕು. ಬೀಳುತ್ತದಾ? ಎಲೆ ನಿಮ್ಮನ್ನು ಯಾವಾಗಲೋ ದಾಟಿಹೋಗಿದೆ. ರೈಲು ಮುಂದಿನ ಸ್ಟೇಷನ್ ಮುಟ್ಟಿತು ಅಂತ ಫೋನ್ ಬಂದ ಮೇಲೆ ನಮ್ಮ ಪ್ಲಾಟ್‌ಫಾರ್ಮಿಗೆ ಓಡಿದ ಹಾಗೆ, ಅಲ್ವಾ?

ಪರಿಹಾರ ಸುಲಭ: ಗೆಳೆಯನ ಕೂಗನ್ನು ನೆಚ್ಚಬೇಡಿ, ನಿಮ್ಮ ಸೇತುವೆಯಿಂದಲೇ ಎಲೆ ನೋಡಿ. ಬರೆಯುವ ಹೆಡ್ ಕೂಡ ತಂತಿ ಸುತ್ತಿದ ಒಂದು ಅಯಸ್ಕಾಂತವೇ. ಅದಕ್ಕೆ ಓದಲೂ ಬರುತ್ತದೆ. ಒಂದೇ ಹೆಡ್ಡಿನಲ್ಲಿ ಎಂಟು ತುಂಡು ಮಾಡಿ, ಕೆಲವು ತುಂಡು ಹಳೆಯದನ್ನು ಓದಲಿ, ಉಳಿದವು ಹೊಸದನ್ನು ಬರೆಯಲಿ ಎಂದು ಆಂಪೆಕ್ಸ್ ಕಂಪನಿಯ ರಾಸ್ ಸ್ನೈಡರ್ ಯೋಚಿಸಿದರು. ಅಂಥ ಎಂಟು ಟ್ರ್ಯಾಕಿನ ಯಂತ್ರ 1957ರಲ್ಲಿ ಲೆಸ್ ಪಾಲ್ ಮನೆಗೆ ಬಂತು. ಡ್ರಮ್ ನುಡಿಸಿದ ತಿಂಗಳ ಮೇಲೆ ಬಂದು ಹಾಡಿದರೂ ಎರಡೂ ಟೇಪಿನ ಒಂದೇ ಜಾಗದಲ್ಲಿ ಅಕ್ಕಪಕ್ಕ ಕೂರುತ್ತವೆ. ಸಾಕ್ಷ್ಯಚಿತ್ರದ ಆ ಇಂಜಿನಿಯರ್ ಎಳೆಯುವ ಒಂದೊಂದು ಫೇಡರ್ ಅಂಥ ಒಂದೊಂದು ಸಾಲು.

ಇದನ್ನು ಹಿಂಡಿ ಹಿಪ್ಪೆ ಮಾಡಿದ್ದು ಕ್ವೀನ್ ತಂಡ. 1975ರಲ್ಲಿ, 'ಬೊಹೀಮಿಯನ್ ರಾಪ್ಸಡಿ'ಯಲ್ಲಿ. ಆ ಹಾಡು ಬರೆದವರು ಫ್ರೆಡ್ಡಿ ಮರ್ಕ್ಯುರಿ. ಜಾಂಜಿಬಾರ್‌ನ ಪಾರ್ಸಿ ಮನೆಯಲ್ಲಿ ಹುಟ್ಟಿ ನಮ್ಮ ಪಕ್ಕದ ಮಹಾರಾಷ್ಟ್ರದ ಪಂಚಗಣಿಯಲ್ಲಿ ಶಾಲೆ ಕಲಿತವರು. ನಡುವಿನ ಒಪೆರಾ ಭಾಗದಲ್ಲಿ ದೊಡ್ಡ ಮೇಳವೇ ಹಾಡಿದಂತೆ ಕೇಳಿಸುತ್ತದೆ. ಹಾಡಿದ್ದು ಮೂರೇ ಜನ: ಮರ್ಕ್ಯುರಿ, ಬ್ರಯಾನ್ ಮೇ, ರೋಜರ್ ಟೇಲರ್. ಹಾಡುವುದು, ಹಲವು ಸಾಲುಗಳನ್ನು ಬೆರೆಸಿ ಒಂದಕ್ಕೆ ಇಳಿಸುವುದು, ಖಾಲಿಯಾದ ಸಾಲುಗಳಲ್ಲಿ ಮತ್ತೆ ಹಾಡುವುದು. ಹೀಗೆ ಸುಮಾರು 180 ಪದರ ಆಯಿತು ಅನ್ನುತ್ತಾರೆ.

ಪ್ರತಿ ಸಲವೂ ಟೇಪು ಹೆಡ್‌ಗೆ ಉಜ್ಜಿಕೊಂಡೇ ಓಡಬೇಕು. ಟೇಪಿನ ಮೇಲಿರುವುದು ಕಬ್ಬಿಣದ ಆಕ್ಸೈಡು, ತುಕ್ಕಿನ ನೆಂಟ. ಸೆಕೆಂಡಿಗೆ 100 ಕಂಪನದ ಮಂದ್ರ ಸದ್ದಿಗೆ ಟೇಪಿನಲ್ಲಿ 3.8 ಮಿ.ಮೀ. ಉದ್ದದ ಅಲೆ. 10,000 ಕಂಪನದ ಚುರುಕು ಸದ್ದಿಗೆ ಬರೀ 0.038 ಮಿ.ಮೀ. ಅಷ್ಟು ಸಣ್ಣ ಅಲೆ ಮೇಲ್ಪದರದಲ್ಲೇ ಇರುತ್ತದೆ. ಉಜ್ಜಿದರೆ ಮೊದಲು ಹೋಗುವುದು ಅದೇ.

ಬ್ರಯಾನ್ ಮೇ ಹೇಳುವ ಪ್ರಕಾರ, ಒಮ್ಮೆ ಆ ಟೇಪನ್ನು ಬೆಳಕಿಗೆ ಹಿಡಿದು ನೋಡಿದರೆ ಆಚೆ ಬದಿ ಕಾಣುತ್ತಿತ್ತು. ಗಡಿಬಿಡಿಯಲ್ಲಿ ಹೊಸ ಟೇಪಿಗೆ ನಕಲು ಇಳಿಸಿಕೊಂಡು, ಕೆಲಸ ಮುಂದುವರಿಸಿದರು.