ಬಿಸಿಗಾಳಿ ಬಲೂನಿನ ವ್ಯಾಪಾರ: ಮೊದಲು ಇಳಿಯುವ ನೆಲ ಹುಡುಕಿ

ಪ್ರವಾಸೋದ್ಯಮ ಓದುತ್ತಿರುವ ಗೆಳೆಯರ ಯೋಜನಾ ವರದಿಗಳಲ್ಲಿ ಬಲೂನು ಬಂದರೆ ಸಾಮಾನ್ಯವಾಗಿ ಒಂದೇ ಚಿತ್ರ: ದಸರೆಯ ಬೆಳಗು, ಕೆಳಗೆ ಅರಮನೆ, ಮೇಲೆ ಬಣ್ಣದ ಬಲೂನು. ನೋಡಲು ಚೆಂದ, ಆದರೆ ಲೆಕ್ಕಕ್ಕೆ ಕೂರುವುದಿಲ್ಲ. ದಸರೆಯ ಹೊತ್ತಿಗೆ ಮೈಸೂರಿನಲ್ಲಿ ಮಳೆ ಮುಗಿದಿರುವುದಿಲ್ಲ. ಗುಡುಗಿನ ಮೋಡ ಸುತ್ತಮುತ್ತ ಇದ್ದರೂ ಹಾರಾಟ ರದ್ದು. ದಸರೆ ಪ್ರವಾಸಿಗರ ಹಂಗಾಮು ಮತ್ತು ಬಲೂನಿನ ಹಂಗಾಮು ಬೇರೆ ಬೇರೆ ಎಂಬುದನ್ನು ಮೊದಲ ಪುಟದಲ್ಲೇ ಬರೆದುಕೊಳ್ಳಿ. ನಮ್ಮ ಕಡೆ ನಂಬಬಹುದಾದ ಕಾಲ ಡಿಸೆಂಬರಿನಿಂದ ಫೆಬ್ರವರಿ. ಅದೂ ಸೂರ್ಯೋದಯದ ನಂತರದ ಒಂದೆರಡು ಗಂಟೆ. ಬಿಸಿಲು ಬಲಿತರೆ ನೆಲ ಕಾದು ಗಾಳಿ ಮೇಲಕ್ಕೆ ನುಗ್ಗುತ್ತದೆ, ಬುಟ್ಟಿ ಹಿಡಿತಕ್ಕೆ ಸಿಗುವುದಿಲ್ಲ.

ಎತ್ತುವ ಶಕ್ತಿ

ಬಿಸಿಯಾದ ಗಾಳಿ ಹಗುರ, ಅಷ್ಟೇ ಸೂತ್ರ. 1783ರ ನವೆಂಬರ್ 21ರಂದು ಪ್ಯಾರಿಸ್ಸಿನಲ್ಲಿ ಮೊಂಗಾಲ್ಫಿಯೇ ಸಹೋದರರ ಬಲೂನು ಇಬ್ಬರನ್ನು ಹೊತ್ತು ಹಾರಿದ್ದು ಇದೇ ಸೂತ್ರದ ಮೇಲೆ. ವ್ಯಾಪಾರ ಮಾಡುವವರಿಗೆ ಬೇಕಾದದ್ದು ಅಂಕಿ. 3,000 ಘನ ಮೀಟರಿನ ಬಲೂನನ್ನು ತೆಗೆದುಕೊಳ್ಳೋಣ. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿ ಸ್ವಲ್ಪ ತೆಳು. ಹೊರಗೆ 20 ಡಿಗ್ರಿ, ಒಳಗೆ 100 ಡಿಗ್ರಿ ಇದ್ದರೆ ಒಟ್ಟು ಎತ್ತುವ ಶಕ್ತಿ ಸುಮಾರು 700 ಕೆಜಿ. ಹೊರಗೆ 30 ಡಿಗ್ರಿಯಾದರೆ ಅದೇ ಬಲೂನು ಎತ್ತುವುದು ಸುಮಾರು 600 ಕೆಜಿ. ಬಟ್ಟೆ, ಬುಟ್ಟಿ, ಬರ್ನರ್, ತುಂಬಿದ ಗ್ಯಾಸ್ ಸಿಲಿಂಡರುಗಳಿಗೆ 350 ಕೆಜಿ ಕಳೆಯಿರಿ. ತಂಪಿನಲ್ಲಿ ಪೈಲಟ್ ಜೊತೆ ನಾಲ್ವರು ಪ್ರಯಾಣಿಕರು, ಸೆಕೆಯಲ್ಲಿ ಇಬ್ಬರು. ಹತ್ತು ಡಿಗ್ರಿ ಏರಿದ್ದಕ್ಕೆ ಅರ್ಧ ಆದಾಯ ಹೋಯಿತು!

ಇಳಿಯುವ ನೆಲ

ಬಲೂನಿಗೆ ಚುಕ್ಕಾಣಿ ಇಲ್ಲ. ಬೇರೆ ಬೇರೆ ಎತ್ತರದಲ್ಲಿ ಗಾಳಿ ಬೇರೆ ದಿಕ್ಕಿಗೆ ಬೀಸುವುದನ್ನು ಬಳಸಿಕೊಂಡು ಪೈಲಟ್ ಒಂದಿಷ್ಟು ಹೊರಳಬಲ್ಲ, ಅಷ್ಟೇ. ಗಂಟೆಗೆ 12 ಕಿ.ಮೀ. ಗಾಳಿಯಿದ್ದರೆ ಒಂದು ಗಂಟೆಯ ನಂತರ 12 ಕಿ.ಮೀ. ದೂರದ ಯಾರದೋ ಜಮೀನಿನಲ್ಲಿ ಇಳಿಯುತ್ತೀರಿ. ಆ ಯಾರೋ ಯಾರು ಎಂಬುದೇ ಈ ವ್ಯಾಪಾರದ ಮುಖ್ಯ ಪ್ರಶ್ನೆ.

ಮಂಡ್ಯದ ವಿಶ್ವೇಶ್ವರಯ್ಯ ನಾಲೆಯ ಬಯಲು ಮೇಲಿನಿಂದ ಹಸಿರು ಹಾಸಿದಂತೆ ಕಾಣುತ್ತದೆ. ಇಳಿಯಲು ಮಾತ್ರ ಅದಕ್ಕಿಂತ ಕಷ್ಟದ ಜಾಗ ಇಲ್ಲ. ಕಬ್ಬಿನ ಗದ್ದೆಯಲ್ಲಿ ಬುಟ್ಟಿ ಎಳೆದಾಡಿದರೆ ಬೆಳೆ ಮುರಿಯುತ್ತದೆ, ಬಲೂನಿನ ಬಟ್ಟೆ ಹರಿಯುತ್ತದೆ. ಹಿಂಬಾಲಿಸಿ ಬರುವ ಜೀಪು ನಾಲೆಯ ಏರಿಯ ಮೇಲೆ ಸುತ್ತುತ್ತಲೇ ಇರುತ್ತದೆ. ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್) ತುಂಬಿದ ವರ್ಷ ಬೇಸಿಗೆ ಬೆಳೆಗೂ ನೀರು ಬಿಟ್ಟರೆ ಭತ್ತ ಕೊಯ್ದ ಗದ್ದೆಯೂ ಮತ್ತೆ ಕೆಸರಾಗುತ್ತದೆ. ರೈತರಿಗೆ ಸುಗ್ಗಿ, ನಿಮಗೆ ಸಂಕಟ. ನನ್ನ ಆಯ್ಕೆ ನಾಗಮಂಗಲದ ಕಡೆಯ ಮಳೆಯಾಶ್ರಿತ ಹೊಲಗಳು. ರಾಗಿ ಕೊಯ್ಲು ಮುಗಿದ ಮೇಲೆ ಅಲ್ಲಿ ಗಟ್ಟಿ ಬಯಲು ಸಿಗುತ್ತದೆ. ಚಳಿಗಾಲದ ಗಾಳಿ ಬಹುತೇಕ ಈಶಾನ್ಯ, ಪೂರ್ವದಿಂದ ಬೀಸುವುದರಿಂದ, ಏರುವ ಜಾಗದ ನೈಋತ್ಯ ಹಾಗೂ ಪಶ್ಚಿಮಕ್ಕೆ ಇಂಥ ಹೊಲಗಳಿರಬೇಕು. ಊರಿನವರೊಂದಿಗೆ ಮೊದಲೇ ಮಾತಾಡಿ ನಷ್ಟ ಪರಿಹಾರದ ದರ ಬರೆದಿಟ್ಟುಕೊಳ್ಳಿ. ಇಳಿದ ಮೇಲೆ ಚೌಕಾಸಿಗೆ ನಿಂತರೆ ಮರುದಿನ ಆ ಊರಿನ ಆಕಾಶವೂ ನಿಮ್ಮದಲ್ಲ.

ವಿದ್ಯುತ್ ತಂತಿಯನ್ನು ಮಾತ್ರ ಪರಿಹಾರ ಕೊಟ್ಟು ಸರಿಪಡಿಸಲಾಗದು. 2012ರಲ್ಲಿ ನ್ಯೂಜಿಲೆಂಡಿನ ಕಾರ್ಟರ್ಟನ್‌ನಲ್ಲಿ 11 ಜನ, 2016ರಲ್ಲಿ ಅಮೆರಿಕದ ಲಾಕ್‌ಹಾರ್ಟ್‌ನಲ್ಲಿ 16 ಜನ ಸತ್ತದ್ದು ಬಲೂನು ತಂತಿಗೆ ತಾಗಿ. ನಮ್ಮಲ್ಲಿ ಪಂಪ್‌ಸೆಟ್ ಇದ್ದಲ್ಲೆಲ್ಲ ತಂತಿ ಇದೆ.

ಅನುಮತಿ

ಕಾನೂನಿನ ಕಣ್ಣಿನಲ್ಲಿ ಬಲೂನೂ ವಿಮಾನವೇ. 1934ರ ಕಾಯ್ದೆಯ ಜಾಗಕ್ಕೆ ಬಂದ ಭಾರತೀಯ ವಾಯುಯಾನ ಅಧಿನಿಯಮ, 2024 ಕೂಡ ಹಾಗೆಯೇ ಹೇಳುತ್ತದೆ. ಆದ್ದರಿಂದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಒಪ್ಪಿಗೆ, ನೋಂದಣಿ, ಪರವಾನಗಿ ಪಡೆದ ಪೈಲಟ್, ವಿಮೆ ಎಲ್ಲವೂ ಬೇಕು. ಮಂಡಕಳ್ಳಿ ವಿಮಾನ ನಿಲ್ದಾಣ, ಕೆಆರ್‌ಎಸ್ ಅಣೆಕಟ್ಟೆ, ನೋಟು ಮುದ್ರಣಾಲಯ, ರಂಗನತಿಟ್ಟು ಪಕ್ಷಿಧಾಮ, ಕೊಕ್ಕರೆ ಬೆಳ್ಳೂರು ಇವನ್ನು ನಕ್ಷೆಯಲ್ಲಿ ಗುರುತಿಸಿಕೊಂಡೇ ಅರ್ಜಿ ಬರೆಯಿರಿ. ಬರ್ನರಿಗೆಂದು ಮನೆಯ ಅಡುಗೆ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವುದು ಅಪರಾಧ ಎಂದು ಬೇರೆ ಹೇಳಬೇಕಿಲ್ಲ.

ಹಣ

ಡಿಸೆಂಬರಿನಿಂದ ಫೆಬ್ರವರಿಗೆ 90 ಬೆಳಗುಗಳು. ಮಂಜು, ಗಾಳಿಯಿಂದ ಮೂರನೆಯ ಒಂದು ಭಾಗ ಕೈತಪ್ಪಿತು ಎಂದು ಊಹಿಸಿದರೆ ಉಳಿಯುವುದು 60. ಬೆಳಗಿಗೆ ನಾಲ್ವರಂತೆ 240 ಟಿಕೆಟ್. ಸಾಲದ ಕಂತು, ವಿಮೆ, ಪೈಲಟ್ ಸಂಬಳ, ಜೀಪು, ಎಲ್ಲವನ್ನೂ ಈ 240ರಿಂದ ಭಾಗಿಸಿ. ಬಂದ ಮೊತ್ತ ನೋಡಿ ಬಹುತೇಕರು ಹಗ್ಗ ಕಟ್ಟಿ ಹತ್ತು ನಿಮಿಷ ಮೇಲೇರಿಸುವ ವ್ಯಾಪಾರವೇ ಸಾಕು ಎನ್ನುತ್ತಾರೆ. ಅದರಲ್ಲಿ ಜನ ಹೆಚ್ಚು, ಟಿಕೆಟ್ ಅಗ್ಗ, ಇಳಿಯುವ ಚಿಂತೆ ಇಲ್ಲ. ಆದರೆ ಸ್ವತಂತ್ರ ಬಲೂನು ಗಾಳಿಯ ಜೊತೆಯಲ್ಲೇ ಸಾಗುತ್ತದೆ. ಕಟ್ಟಿದ ಬಲೂನು ಗಾಳಿಗೆ ಎದೆಯೊಡ್ಡಿ ನಿಲ್ಲಬೇಕು. ಹೀಗಾಗಿ ಅದಕ್ಕೆ ಇನ್ನೂ ಶಾಂತವಾದ ಗಾಳಿ ಬೇಕು, ರದ್ದಾಗುವ ಬೆಳಗುಗಳೂ ಹೆಚ್ಚು.

ಅಭ್ಯಾಸ: ನಾಗಮಂಗಲ ತಾಲ್ಲೂಕಿನ ನಕ್ಷೆಯಲ್ಲಿ ಏರುವ ಒಂದು ಜಾಗ ಆರಿಸಿ. ಅಲ್ಲಿಂದ ನೈಋತ್ಯಕ್ಕೆ 15 ಕಿ.ಮೀ. ಗೆರೆ ಎಳೆದು, ಅಕ್ಕಪಕ್ಕದ ಕೆರೆ, ತೆಂಗಿನ ತೋಟ, ಹೈಟೆನ್ಷನ್ ತಂತಿ ಗುರುತಿಸಿ. ಜೀಪು ತಲುಪಬಲ್ಲ ಎಷ್ಟು ಬಯಲು ಉಳಿಯಿತು ಎಂದು ಎಣಿಸಿ.