ಹೂವಿನ ಜಗಳ, ಬೆಂಕಿಕಡ್ಡಿಗಳ ಯುದ್ಧ

ಹೊಲದ ಬದುವಿನ ಜಗಳ ನೋಡಿದವರಿಗೆ ಈ ಕತೆ ಹೊಸದಲ್ಲ. ಅಕ್ಕಪಕ್ಕದ ಎರಡು ಮನೆ. ಮುಂದಿನ ಹುಲ್ಲಿನ ಮೇಲೆ ಕುರ್ಚಿ ಹಾಕಿಕೊಂಡು ಇಬ್ಬರು ಗಂಡಸರು ಪೇಪರ್ ಓದುತ್ತಿದ್ದಾರೆ. ಒಬ್ಬನ ಪೇಪರಿನಲ್ಲಿ ‘ಶಾಂತಿ ಇಲ್ಲದಿದ್ದರೆ ಯುದ್ಧ ಖಚಿತ’ ಅಂತ ದಪ್ಪಕ್ಷರ. ಇನ್ನೊಬ್ಬನದರಲ್ಲಿ ‘ಯುದ್ಧ ಇಲ್ಲದಿದ್ದರೆ ಶಾಂತಿ ಖಚಿತ’. ನಡುವೆ ಒಂದು ಹೂವು ಅರಳುತ್ತದೆ. ಇಬ್ಬರೂ ಮೂಸಿ ನೋಡುತ್ತಾರೆ, ಖುಷಿಯಲ್ಲಿ ಗಾಳಿಯಲ್ಲೇ ತೇಲಾಡುತ್ತಾರೆ. ಸ್ವಲ್ಪ ಹೊತ್ತಿಗೆ ಹೂವು ಯಾರದು ಅನ್ನುವ ತಕರಾರು. ಬೇಲಿ ಏಳುತ್ತದೆ. ಬೇಲಿಯ ಪಟ್ಟಿಯೇ ಕತ್ತಿಯಾಗುತ್ತದೆ. ಎಂಟು ನಿಮಿಷ ಕಳೆಯುವಷ್ಟರಲ್ಲಿ ಇಬ್ಬರೂ ಸತ್ತು ಮಣ್ಣಾಗಿರುತ್ತಾರೆ. ಇಬ್ಬರ ಗೋರಿಯ ಮೇಲೂ ಒಂದೊಂದು ಹೂವು.

ಇದು ‘ನೇಬರ್ಸ್’. 1952ರಲ್ಲಿ ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್‌ನಲ್ಲಿ ನಾರ್ಮನ್ ಮೆಕ್ಲಾರೆನ್ ಮಾಡಿದ ಕಿರುಚಿತ್ರ. ಯುದ್ಧ, ಶಾಂತಿ ಅಂತ ಮಾತು ಶುರುಮಾಡಲು ಅನಿಮೇಷನ್ ತೋರಿಸುವವರು ಇವತ್ತಿಗೂ ಮೊದಲು ಹುಡುಕುವುದು ಇದನ್ನೇ. ಇದರಲ್ಲಿ ಒಂದು ದೃಶ್ಯಕ್ಕೆ ಕತ್ತರಿ ಬಿದ್ದಿತ್ತು. ಆ ವಿಷಯಕ್ಕೆ ಆಮೇಲೆ ಬರೋಣ.

ಏಕೆಂದರೆ ಅನಿಮೇಷನ್ ಶಾಂತಿಯ ಪರವಾಗಿ ಹುಟ್ಟಿದ ಕಲೆ ಅಂತ ಯಾರಾದರೂ ಅಂದುಕೊಂಡಿದ್ದರೆ, ಇತಿಹಾಸ ಹಾಗಿಲ್ಲ. 1915ರ ಮೇ 7ರಂದು ಜರ್ಮನಿಯ ಜಲಾಂತರ್ಗಾಮಿಯೊಂದು ಲುಸಿಟೇನಿಯಾ ಅನ್ನುವ ಪ್ರಯಾಣಿಕರ ಹಡಗನ್ನು ಮುಳುಗಿಸಿತು. ಸುಮಾರು 1,200 ಜನ ಸತ್ತರು. ಹಡಗು ಮುಳುಗಲು ಹಿಡಿದದ್ದು ಬರೀ 18 ನಿಮಿಷ. ಅಲ್ಲಿ ಯಾವ ಕ್ಯಾಮೆರಾವೂ ಇರಲಿಲ್ಲ. ಕ್ಯಾಮೆರಾ ನೋಡದೇ ಇದ್ದದ್ದನ್ನು ನಾನು ಬರೆದು ತೋರಿಸುತ್ತೇನೆ ಅಂತ ಕೂತವರು ಅಮೆರಿಕದ ವ್ಯಂಗ್ಯಚಿತ್ರಕಾರ ವಿನ್ಸರ್ ಮೆಕೇ. ಸುಮಾರು 25 ಸಾವಿರ ಚಿತ್ರ ಬರೆಯಬೇಕಾಯಿತಂತೆ. 1918ರ ಜುಲೈನಲ್ಲಿ ಸಿನಿಮಾ ಹೊರಬಂತು. ಹೊಗೆ, ಅಲೆ, ನೀರಿಗೆ ಬೀಳುವ ಜನ, ಮಗುವನ್ನು ಎತ್ತಿ ಹಿಡಿದು ಮುಳುಗುವ ತಾಯಿ. ಈಗ ನೋಡಿದರೂ ಮೈ ಜುಮ್ಮೆನ್ನುತ್ತದೆ. ಆದರೆ ಕೊನೆಯಲ್ಲಿ ಬರುವ ಬರಹ ನೋಡಿ: ಇಷ್ಟಾದ ಮೇಲೂ ಜರ್ಮನ್ನರನ್ನು ದ್ವೇಷಿಸಬೇಡಿ ಅನ್ನುತ್ತಾರಲ್ಲ, ಅನ್ನುವ ಅರ್ಥದ ಮಾತು. ಅಷ್ಟೂ ಸಾವಿರ ಚಿತ್ರ ಬರೆದದ್ದು ಆ ಒಂದು ಸಾಲಿಗಾಗಿ.

ಎರಡನೇ ಮಹಾಯುದ್ಧದಲ್ಲಿ ಇದು ಕಾರ್ಖಾನೆಯ ಕೆಲಸವೇ ಆಯಿತು. ಡೊನಾಲ್ಡ್ ಡಕ್ ಹಿಟ್ಲರನನ್ನು ಲೇವಡಿ ಮಾಡುವ ಡಿಸ್ನಿ ಚಿತ್ರಕ್ಕೆ 1943ರಲ್ಲಿ ಆಸ್ಕರ್ ಸಿಕ್ಕಿತು. ಅದೇ ವರ್ಷ ಜಪಾನಿನ ನೌಕಾಪಡೆಯ ಬೆಂಬಲದಲ್ಲಿ ಇನ್ನೊಂದು ಚಿತ್ರ ಬಂತು. ಪೀಚ್ ಹಣ್ಣಿನಿಂದ ಹುಟ್ಟಿದ ಮೊಮೊತಾರೊ ಅಲ್ಲಿನ ಮಕ್ಕಳಿಗೆಲ್ಲ ಗೊತ್ತಿರುವ ಜನಪದ ಕತೆಯ ಹುಡುಗ. ಆ ಚಿತ್ರದಲ್ಲಿ ಅವನು ಪ್ರಾಣಿಗಳ ಪಡೆ ಕಟ್ಟಿಕೊಂಡು ರಾಕ್ಷಸರ ದ್ವೀಪದ ಮೇಲೆ ವಿಮಾನದಾಳಿ ಮಾಡುತ್ತಾನೆ. ದ್ವೀಪ ಯಾವುದು ಅಂತ ಯಾರಿಗೂ ಹೇಳಬೇಕಾಗಿರಲಿಲ್ಲ. ಪರ್ಲ್ ಹಾರ್ಬರ್, 1941ರಲ್ಲಿ ಜಪಾನ್ ದಾಳಿ ಮಾಡಿದ್ದ ಅಮೆರಿಕದ ನೌಕಾನೆಲೆ. ಅಜ್ಜಿಕತೆಯನ್ನೂ ಸೇನೆಗೆ ಸೇರಿಸಿಕೊಳ್ಳಬಹುದು ಅಂತ ಆಗಲೇ ಗೊತ್ತಾಗಿತ್ತು.

ಇದರ ನಡುವೆ ಒಂಟಿಯಾಗಿ ನಿಲ್ಲುವುದು ‘ಪೀಸ್ ಆನ್ ಅರ್ಥ್’. ಹ್ಯೂ ಹರ್ಮನ್ ಇದನ್ನು ಎಂಜಿಎಂ ಸ್ಟುಡಿಯೊಗೆ ಮಾಡಿದ್ದು. ತೆರೆಗೆ ಬಂದದ್ದು 1939ರ ಡಿಸೆಂಬರಿನಲ್ಲಿ. ಯುರೋಪಿನಲ್ಲಿ ಯುದ್ಧ ಶುರುವಾಗಿ ಮೂರೇ ತಿಂಗಳಾಗಿತ್ತು. ಅಳಿಲಜ್ಜ ಮೊಮ್ಮಕ್ಕಳಿಗೆ ಕತೆ ಹೇಳುತ್ತಿರುತ್ತಾನೆ. ಮನುಷ್ಯ ಅಂದರೆ ಏನಜ್ಜ ಅಂತ ಮರಿಗಳು ಕೇಳುತ್ತವೆ. ಪಾಪ, ಅವು ಒಬ್ಬ ಮನುಷ್ಯನನ್ನೂ ನೋಡಿಲ್ಲ. ಕೊನೆಗೆ ಉಳಿದಿದ್ದ ಇಬ್ಬರೂ ಒಬ್ಬರನ್ನೊಬ್ಬರು ಗುಂಡಿಟ್ಟು ಕೊಂದುಕೊಂಡಿದ್ದಾರೆ. ಉಳಿದ ಉಕ್ಕಿನ ಟೋಪಿಗಳಲ್ಲಿ ಪ್ರಾಣಿಗಳು ಮನೆ ಮಾಡಿಕೊಂಡಿವೆ. ಇದೇ ಕತೆಯನ್ನು 1955ರಲ್ಲಿ ‘ಟಾಮ್ ಅಂಡ್ ಜೆರ್ರಿ’ ಮಾಡಿದ ಹನ್ನಾ ಮತ್ತು ಬಾರ್ಬೆರಾ ಜೋಡಿ ಮತ್ತೆ ಮಾಡಿತು. ಅಷ್ಟರಲ್ಲಿ ಕೋವಿ ಸಾಲದಾಗಿತ್ತು. ಹೊಸ ಚಿತ್ರದಲ್ಲಿ ಮನುಷ್ಯರು ಮುಗಿದುಹೋಗುವುದು ಬಾಂಬಿನಿಂದ.

ಈಗ ಮೆಕ್ಲಾರೆನ್ ಹತ್ತಿರ ಹೋಗೋಣ. ಸ್ಕಾಟ್‌ಲೆಂಡಿನವರು. ಹುಟ್ಟಿದ್ದು 1914ರಲ್ಲಿ, ಅಂದರೆ ಮೊದಲ ಮಹಾಯುದ್ಧ ಶುರುವಾದ ವರ್ಷ. ಇಪ್ಪತ್ತೆರಡರ ವಯಸ್ಸಿನಲ್ಲಿ ಅಂತರ್ಯುದ್ಧ ನಡೆಯುತ್ತಿದ್ದ ಸ್ಪೇನಿಗೆ ಕ್ಯಾಮೆರಾ ಹಿಡಿದು ಹೋಗಿದ್ದರು. ಆಮೇಲೆ ಕೆನಡಾ ಸೇರಿದರು. 1949ರಲ್ಲಿ ಯುನೆಸ್ಕೊ ಅವರನ್ನು ಚೀನಾಕ್ಕೆ ಕಳಿಸಿತು. ಹಳ್ಳಿಯ ಜನರಿಗೆ ಆರೋಗ್ಯದ ವಿಷಯ ತಿಳಿಸುವ ಚಿತ್ರಗಳನ್ನು ಮಾಡಲು ಅಲ್ಲಿನ ಕಲಾವಿದರಿಗೆ ಕಲಿಸುವ ಕೆಲಸ. ಅವರು ಅಲ್ಲಿದ್ದಾಗಲೇ ಮಾವೋನ ಕಮ್ಯುನಿಸ್ಟ್ ಕ್ರಾಂತಿ ಆಯಿತು. ಅದನ್ನು ನೋಡಿ ಮನುಷ್ಯರ ಮೇಲೆ ನಂಬಿಕೆ ಹೆಚ್ಚಾಯಿತು ಅಂತ ಅವರೇ ಹೇಳಿಕೊಂಡಿದ್ದಾರೆ. ಊರಿಗೆ ವಾಪಸು ಬಂದರು, ಕೊರಿಯಾದಲ್ಲಿ ಯುದ್ಧ ಶುರುವಾಯಿತು. ಒಂದು ಕಡೆ ತಮ್ಮದೇ ದೇಶದ ಸೈನಿಕರು, ಇನ್ನೊಂದು ಕಡೆ ತಾವು ಜೊತೆಗಿದ್ದು ಬಂದ ಚೀನೀಯರು. ಯಾರ ಪರ ಮಾತಾಡುವುದು? ‘ನೇಬರ್ಸ್’ ಹುಟ್ಟಿದ್ದು ಈ ಸಂಕಟದಲ್ಲಿ.

ಅದಕ್ಕೇ ಆ ಇಬ್ಬರಿಗೆ ಹೆಸರಿಲ್ಲ, ಬಾವುಟವಿಲ್ಲ, ಭಾಷೆಯೂ ಇಲ್ಲ. ನಟರು ನಿಜದವರೇ. ಆದರೆ ಮೆಕ್ಲಾರೆನ್ ಅವರನ್ನು ಗೊಂಬೆಗಳ ಹಾಗೆ ಬಳಸಿದರು. ಒಂದು ಭಂಗಿ, ಒಂದು ಫ್ರೇಮ್. ಸ್ವಲ್ಪ ಜರುಗು, ಇನ್ನೊಂದು ಫ್ರೇಮ್. ಗಾಳಿಯಲ್ಲಿ ತೇಲಬೇಕೆಂದರೆ ಪ್ರತಿ ಫ್ರೇಮಿಗೂ ಒಂದು ಸಲ ನೆಗೆಯಬೇಕು, ಕಾಲು ನೆಲ ಮುಟ್ಟುವ ಮೊದಲೇ ಕ್ಯಾಮೆರಾ ಕ್ಲಿಕ್. ಶಬ್ದವೂ ವಾದ್ಯದಿಂದ ಬಂದದ್ದಲ್ಲ. ಫಿಲ್ಮಿನ ಅಂಚಿನ ಧ್ವನಿಪಟ್ಟಿಯ ಮೇಲೆ ಗೆರೆಗಳ ವಿನ್ಯಾಸ ಮೂಡಿಸಿ ಹುಟ್ಟಿಸಿದ್ದು. ಹಾಗಾಗಿ ಹೊಡೆತ ಬಿದ್ದಾಗ ಕೇಳುವುದು ‘ಅಯ್ಯೋ’ ಅಲ್ಲ, ಯಾವುದೋ ಯಂತ್ರದ ಕುಂಯ್ ಕುಂಯ್. ಇಷ್ಟೆಲ್ಲ ಕೃತಕವಾಗಿರುವ ಚಿತ್ರಕ್ಕೆ ಸಿಕ್ಕ ಆಸ್ಕರ್ ಯಾವ ವಿಭಾಗದ್ದು ಗೊತ್ತಾ? ಕಿರು ಸಾಕ್ಷ್ಯಚಿತ್ರ! ತೀರ್ಪುಗಾರರಿಗೆ ಏನನ್ನಿಸಿತೋ. ನನಗಂತೂ ಅದು ತಪ್ಪು ವಿಭಾಗ ಅಂತ ಅನ್ನಿಸಿಲ್ಲ.

ಈ ದಾರಿ ಸಿಕ್ಕಿದ ಮೇಲೆ ಜಗತ್ತಿನ ಬೇರೆ ಬೇರೆ ಕಡೆ ಹೆಸರಿಲ್ಲದ ಜಗಳಗಳ ಚಿತ್ರಗಳು ಬಂದವು. 1962ರಲ್ಲಿ ಯುಗೊಸ್ಲಾವಿಯಾದ ಜಾಗ್ರೆಬ್‌ನಲ್ಲಿ ದುಶಾನ್ ವುಕೊಟಿಚ್ ‘ಇಗ್ರಾ’ ಮಾಡಿದರು. ‘ಆಟ’ ಅಂತ ಅರ್ಥ. ಒಬ್ಬ ಹುಡುಗ, ಒಬ್ಬಳು ಹುಡುಗಿ ಕೂತು ಚಿತ್ರ ಬರೆಯುತ್ತಾರೆ. ಅವನ ಚಿತ್ರ ಅವಳ ಚಿತ್ರವನ್ನು ಕೆಣಕುತ್ತದೆ, ಅವಳದ್ದು ತಿರುಗಿ ಬೀಳುತ್ತದೆ. ಹಾಗೇ ಆಯುಧಗಳವರೆಗೆ ಮುಟ್ಟುತ್ತದೆ. ಮೂವತ್ತು ವರ್ಷವೂ ಆಗಿರಲಿಲ್ಲ, ಆ ದೇಶವೇ ಯುದ್ಧದಲ್ಲಿ ಒಡೆದು ಚೂರಾಯಿತು.

ನಮ್ಮ ದೇಶದ ಕೊಂಡಿಯೂ ಒಂದಿದೆ. ಗುಜರಾತಿನ ಇಶು ಪಟೇಲ್ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ (ಎನ್‌ಐಡಿ) ಓದಿ, ಆಮೇಲೆ ಮೆಕ್ಲಾರೆನ್ ಇದ್ದ ಕೆನಡಾದ ಅದೇ ಫಿಲ್ಮ್ ಬೋರ್ಡ್ ಸೇರಿದವರು. 1977ರ ಅವರ ‘ಬೀಡ್ ಗೇಮ್’ನಲ್ಲಿ ಇರುವುದು ಬರೀ ಬಣ್ಣದ ಮಣಿಗಳು. ಸಾವಿರಾರು ಮಣಿ. ಸಣ್ಣದನ್ನು ದೊಡ್ಡದು ನುಂಗುತ್ತದೆ, ಅದನ್ನು ಇನ್ನೂ ದೊಡ್ಡದು. ಪ್ರಾಣಿ ಹೋಗಿ ಮನುಷ್ಯ ಬರುತ್ತಾನೆ, ಅವನ ಹಿಂದೆ ಆಯುಧ, ಕಡೆಗೆ ಅಣುಬಾಂಬಿನ ಕಾಲ. ಹಿನ್ನೆಲೆಯಲ್ಲಿ ಜ್ಞಾನಪ್ರಕಾಶ ಘೋಷ್ ಅವರ ತಾಳವಾದ್ಯ. ಐದೂವರೆ ನಿಮಿಷಕ್ಕೆ ಆಟ ಮುಗಿಯುತ್ತದೆ. ಆಸ್ಕರ್‌ಗೆ ನಾಮನಿರ್ದೇಶನವೂ ಆಗಿತ್ತು. ಸೋವಿಯತ್ ಒಕ್ಕೂಟದ ಗ್ಯಾರಿ ಬಾರ್ದಿನ್ 1983ರಲ್ಲಿ ಹಿಡಿದದ್ದು ಬೆಂಕಿಕಡ್ಡಿ. ಹಸಿರು ತಲೆಯ ಕಡ್ಡಿಗಳು, ನೀಲಿ ತಲೆಯ ಕಡ್ಡಿಗಳು, ನಡುವೆ ಒಂದು ಗಡಿ. ಕಡ್ಡಿ ಕಡ್ಡಿಗೆ ತಾಗಿದರೆ ಏನಾಗುತ್ತದೆ ಅಂತ ಯಾವ ಮಗುವಿಗೆ ಗೊತ್ತಿಲ್ಲ?

ನಮ್ಮ ಮನೆಯ ಹುಡುಗರಿಗೆ ಒಂದು ಭಾನುವಾರ ಇವನ್ನೆಲ್ಲ ಹಾಕಿ ತೋರಿಸಿದ್ದೆ. ಕಡ್ಡಿಗಳ ಚಿತ್ರ ನೋಡಿ ನಕ್ಕರು, ಆಮೇಲೆ ಸುಮ್ಮನಾದರು. ಅವರಲ್ಲಿ ದೊಡ್ಡವಳು ಕೇಳಿದಳು: ‘ಮಾಮ, ಎಲ್ಲದರಲ್ಲೂ ಇಬ್ಬರದ್ದೂ ತಪ್ಪು. ನಿಜವಾಗ್ಲೂ ಹಾಗೇನಾ?’

ಅಲ್ವಾ? ಈ ಚಿತ್ರಗಳ ಜಾಣತನ ಇರುವುದೂ ಅಲ್ಲೇ, ತೊಡಕು ಇರುವುದೂ ಅಲ್ಲೇ. ಹೆಸರು, ಬಾವುಟ ತೆಗೆದುಬಿಟ್ಟರೆ ಯಾವ ದೇಶದವರೂ ಸಿಟ್ಟಾಗದೆ ನೋಡುತ್ತಾರೆ. ‘ಇದು ನಮ್ಮ ಬಗ್ಗೆ ಅಲ್ಲ’ ಅಂದುಕೊಂಡೇ ನೋಡುತ್ತಾರೆ, ಎಂಟನೇ ನಿಮಿಷಕ್ಕೆ ಸಿಕ್ಕಿಬೀಳುತ್ತಾರೆ. ಆದರೆ ಹೆಸರಿನ ಜೊತೆ ಲೆಕ್ಕವೂ ಹೋಗುತ್ತದೆ. ನಿಜದ ಯುದ್ಧದಲ್ಲಿ ಎರಡೂ ಬದಿ ಒಂದೇ ಅಳತೆಯ ಕಡ್ಡಿಗಳಲ್ಲ. ಒಬ್ಬರ ಹತ್ತಿರ ವಿಮಾನ ಇರುತ್ತದೆ, ಇನ್ನೊಬ್ಬರು ಮನೆಯೊಳಗೆ ಮಲಗಿರುತ್ತಾರೆ. 2024ರಲ್ಲಿ ಆಸ್ಕರ್ ಪಡೆದ ‘ವಾರ್ ಈಸ್ ಓವರ್’ ನೋಡಿದಾಗ ನನಗೆ ಇದೇ ಅನ್ನಿಸಿತು. ಎದುರುಬದುರು ಕಂದಕಗಳ ಇಬ್ಬರು ಸೈನಿಕರು ಪಾರಿವಾಳದ ಮೂಲಕ ಚೆಸ್ ಆಡುತ್ತಾರೆ. ಚಂದ ಇದೆ, ಕಣ್ಣಲ್ಲಿ ನೀರೂ ಬರುತ್ತದೆ. ಆದರೆ ಅದೇ ವಾರ ಉಕ್ರೇನಿನಲ್ಲಿ, ಗಾಜಾದಲ್ಲಿ ಬಾಂಬು ಬೀಳುತ್ತಿತ್ತು. ಯಾರಿಗೂ ನೋವಾಗದ ಹಾಗೆ ಶಾಂತಿಯ ಮಾತಾಡಿದ್ದು ಸ್ವಲ್ಪ ಜಾಸ್ತಿಯೇ ಸಲೀಸಾಯಿತು.

ಹೆಸರು ಹೇಳಿಯೇ ಮಾತಾಡಿದ ಚಿತ್ರಗಳೂ ಇವೆ. ಜಪಾನಿನ ರೆಂಜೊ ಮತ್ತು ಸಯೊಕೊ ಕಿನೊಶಿತಾ ದಂಪತಿ 1978ರಲ್ಲಿ ‘ಪಿಕಾದೋನ್’ ಮಾಡಿದರು. ಪಿಕಾ ಅಂದರೆ ಫಳ್ ಅನ್ನುವ ಬೆಳಕು, ದೋನ್ ಅಂದರೆ ಢಂ ಅನ್ನುವ ಸದ್ದು. ಹಿರೋಷಿಮಾದವರು ಆ ಬಾಂಬಿಗೆ ಇಟ್ಟ ಹೆಸರೇ ಅದು. ಇಲ್ಲಿ ದಿನ ಗೊತ್ತು, ಊರು ಗೊತ್ತು, ಗಂಟೆಯೂ ಗೊತ್ತು: 1945ರ ಆಗಸ್ಟ್ 6, ಬೆಳಗ್ಗೆ 8.15. ಅಲ್ಲಿಯವರೆಗೆ ಚಿತ್ರದಲ್ಲಿ ಏನೂ ಆಗುವುದಿಲ್ಲ. ಜನ ಕೆಲಸಕ್ಕೆ ಹೊರಡುತ್ತಾರೆ, ತಾಯಿ ಮಗುವಿಗೆ ಹಾಲು ಕೊಡುತ್ತಾಳೆ. ಆಮೇಲೆ ಗೆರೆಗಳೇ ಕರಗತೊಡಗುತ್ತವೆ. ಮಾತಿಲ್ಲ. ಇದಕ್ಕೆ ನಾಲ್ಕು ವರ್ಷ ಮೊದಲು ಬಾಂಬಿನಿಂದ ಬದುಕುಳಿದ ಮುದುಕರೊಬ್ಬರು ತಾವು ಕಂಡದ್ದನ್ನು ಬರೆದ ಚಿತ್ರ ಹಿಡಿದುಕೊಂಡು ಹಿರೋಷಿಮಾದ ಟಿವಿ ಕೇಂದ್ರಕ್ಕೆ ಬಂದಿದ್ದರು. ನಿಮ್ಮ ಹತ್ತಿರವೂ ಇದ್ದರೆ ಕಳಿಸಿ ಅಂತ ಕೇಂದ್ರದವರು ಕೇಳಿದ್ದೇ ತಡ, ಊರಿನ ಜನ ರಾಶಿ ರಾಶಿ ಚಿತ್ರ ಕಳಿಸಿದರು. ಫೋಟೊ ತೆಗೆಯಲು ಆಗದೇ ಇದ್ದದ್ದನ್ನು ಬರೆದು ತೋರಿಸುವುದು, ಮೆಕೇ ಮಾಡಿದ ಹಾಗೇ. ಇಲ್ಲಿ ದ್ವೇಷಿಸಿ ಅನ್ನುವ ಸಾಲಿಲ್ಲ, ಅಷ್ಟೇ. 1985ರಲ್ಲಿ ಕಿನೊಶಿತಾ ದಂಪತಿಯ ಓಡಾಟದಿಂದ ಅದೇ ಊರಿನಲ್ಲಿ ಅಂತಾರಾಷ್ಟ್ರೀಯ ಅನಿಮೇಷನ್ ಉತ್ಸವ ಶುರುವಾಯಿತು. 2020ರವರೆಗೂ ನಡೆಯಿತು.

ರಷ್ಯಾದ ಯೂರಿ ನೊರ್ಸ್ಟೈನ್ ಹಿಡಿದ ದಾರಿ ಇವೆರಡೂ ಅಲ್ಲ. 1979ರ ‘ಟೇಲ್ ಆಫ್ ಟೇಲ್ಸ್’ನಲ್ಲಿ ಬೀದಿದೀಪದ ಕೆಳಗೆ ಜೋಡಿಗಳು ಕುಣಿಯುತ್ತಿರುತ್ತವೆ. ಹಾಡು ತಡವರಿಸಿದಾಗಲೆಲ್ಲ ಒಬ್ಬೊಬ್ಬ ಗಂಡಸು ಮಾಯ. ಹೆಂಗಸರ ಕೈ ಹಾಗೇ ಗಾಳಿಯಲ್ಲಿ ಉಳಿಯುತ್ತದೆ. ಯುದ್ಧಭೂಮಿ ಇಲ್ಲ, ಶತ್ರು ಇಲ್ಲ. ನೋಡಿ ಎಷ್ಟೋ ದಿನ ಆ ಖಾಲಿ ಕೈ ನನ್ನ ತಲೆಯಿಂದ ಹೋಗಲಿಲ್ಲ.

ಶಾಲೆಗಳಿಗೆ ಅಂತಲೇ ಮಾಡಿದವೂ ಇವೆ. 1990ರ ದಶಕದಲ್ಲಿ ಕೆನಡಾದ ಫಿಲ್ಮ್ ಬೋರ್ಡ್ ‘ಶೋಪೀಸ್’ ಅನ್ನುವ ಮಾತಿಲ್ಲದ ಸರಣಿ ತಂದಿತು. ಜಾನೆಟ್ ಪರ್ಲ್‌ಮನ್ ಮಾಡಿದ ಒಂದರಲ್ಲಿ ಎರಡು ಊಸರವಳ್ಳಿ ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ, ಕಪ್ಪೆ ಬಂದು ರಾಜಿ ಮಾಡಿಸುತ್ತದೆ. ಬೆಂಚಿನ ಜಗಳಕ್ಕೆ ಒಳ್ಳೇ ಮದ್ದು. ದೇಶಗಳ ಜಗಳಕ್ಕೆ ಅಂಥ ಕಪ್ಪೆ ಎಲ್ಲಿಂದ ತರುವುದೋ!

ಈಗ ಆ ಕತ್ತರಿಯ ವಿಷಯ. ‘ನೇಬರ್ಸ್’ನ ಇಬ್ಬರೂ ಕೊನೆಕೊನೆಗೆ ಎದುರಾಳಿಯ ಮನೆ ಕೆಡವಿ, ಒಳಗಿದ್ದ ಹೆಂಡತಿ, ಮಗುವಿನ ಮೇಲೆ ಕೈ ಮಾಡುತ್ತಾರೆ. ಗಂಡಸರು ಹೊಡೆದಾಡಿ ಸತ್ತದ್ದನ್ನು ಸಹಿಸಿಕೊಂಡ ಹೊರದೇಶದ ನೋಡುಗರಿಗೆ ಇದು ತಡೆಯಲಾಗದು ಅಂತ ಆ ದೃಶ್ಯವನ್ನು ತೆಗೆದುಹಾಕಲಾಯಿತು. ವರ್ಷಗಟ್ಟಲೆ ಜನ ನೋಡಿದ್ದು ಅದಿಲ್ಲದ ಚಿತ್ರವನ್ನೇ. ಆಮೇಲೆ ವಿಯೆಟ್ನಾಂ ಯುದ್ಧ ಬಂತು. ಸುಟ್ಟ ಹಳ್ಳಿಗಳನ್ನೂ ಮಕ್ಕಳನ್ನೂ ಜನ ಟಿವಿಯಲ್ಲಿ, ಪೇಪರಿನಲ್ಲಿ ನೋಡಿದರು. ಆ ದೃಶ್ಯ ವಾಪಸು ಹಾಕಿ ಅಂತ ಮೆಕ್ಲಾರೆನ್ ಅವರನ್ನೇ ಕೇಳಿದರು. ಅಷ್ಟರಲ್ಲಿ ಮೂಲ ನೆಗೆಟಿವ್‌ನ ಆ ಭಾಗ ನಾಶವಾಗಿಹೋಗಿತ್ತು. ಎಲ್ಲೋ ಉಳಿದಿದ್ದ, ಅಷ್ಟೇನೂ ಚೆನ್ನಾಗಿಲ್ಲದ ಒಂದು ಪ್ರಿಂಟಿನಿಂದ ಆ ಕೆಲವು ಕ್ಷಣಗಳನ್ನು ಎತ್ತಿ, ಮತ್ತೆ ಅದೇ ಜಾಗಕ್ಕೆ ಅಂಟಿಸಬೇಕಾಯಿತು.